ಕೈಯಲ್ಲಿ ಒಂದು

೮ ನವೆಂಬರ್ ೧೯೫೩, ರವಿವಾರ

ಇವರು ಇಂದು ಆರತಿ ತಟ್ಟೆಯಲ್ಲಿ ನನ್ನ ಮಗಳನ್ನು ಹಾಕಿ ಬಂದರು.

ದೀಪಾವಳಿಯ ಅಕ್ಕನ ಬಿದಿಗೆಗೆಂದು ಮೂವರೂ ಕಾಂದಿವಲಿಗೆ ಹೋಗಿದ್ದೆವು. ಇವರ ಅಕ್ಕ ಬಸಲಿಂಗವ್ವ ವರ್ಷದ ಪದ್ಧತಿಯಂತೆ ತಮ್ಮನನ್ನು ಮಣೆಯ ಮೇಲೆ ಕೂಡಿಸಿ ಆರತಿ ಬೆಳಗಿದಳು. ಇವರು ತಟ್ಟೆಗೆ ಇಳಕಲ್ ಸೀರೆ ಇಡಲು ಹೋದರೆ ತಟ್ಟೆಯನ್ನೇ ಹಿಂದಕ್ಕೆ ಎಳೆದುಕೊಂಡಳು.

"ಸೀರಿ ಬ್ಯಾಡೋ ಪರಪ್ಪ. ಸೀರಿ ಹ್ವಾದ ವರ್ಸನೂ ಕೊಟ್ಟಿ. ಈ ವರ್ಸ ನಾ ಕೇಳಿದ್ದು ಹಾಕತೀ ಏನು?"

"ಕೇಳಕ್ಕ."

"ಮಲ್ಲೀನ ಹಾಕು."

ಎಲ್ಲರೂ ನಕ್ಕರು. ಅವಳ ಮಗ ಈರಣ್ಣ ನಾಚಿ ಗೋಡೆಯ ಕಡೆ ತಿರುಗಿದ. ಸೋದರತ್ತೆಗೆ ತಮ್ಮನ ಮಗಳ ಮೇಲೆ ಹಕ್ಕು ಎಂಬುದು ನಮ್ಮ ಕಡೆ ಹೊಸ ಮಾತಲ್ಲ. ಮಲ್ಲಿ ಹುಟ್ಟಿದ ದಿನವೇ "ನನ್ನ ಸೊಸಿ ಹುಟ್ಟಿದಳು" ಎಂದು ಬಸಲಿಂಗವ್ವ ಸಕ್ಕರೆ ಹಂಚಿದವಳು. ಆದರೆ ಇಂದು ಅವಳು ಕೇಳಿದ್ದು ಮುಂದಿನ ಮಾತಲ್ಲ, ಈಗಿನದು. ತನಗೆ ಮೊಣಕಾಲು ನೋವಂತೆ, ಮನೆಯಲ್ಲಿ ಇನ್ನೊಂದು ಹೆಣ್ಣು ಕೈ ಇಲ್ಲವಂತೆ. ಹುಡುಗಿ ನಾಲ್ಕನೇ ಇಯತ್ತೆ ಮುಗಿಸಿದ ಕೂಡಲೇ ಮೇ ತಿಂಗಳಲ್ಲಿ ತಂದುಬಿಡಬೇಕಂತೆ. ಮನೆಗೆಲಸ ಕಲಿಯುತ್ತಾಳೆ, ದೊಡ್ಡವಳಾದ ಮೇಲೆ ಲಗ್ನ.

ಇವರು ಹೂಂ ಎಂದರು. ಅಕ್ಕನ ಮುಂದೆ ಈ ಮನುಷ್ಯನಿಗೆ ಬರುವುದು ಆ ಒಂದೇ ಅಕ್ಷರ.

ತಿರುಗಿ ಬರುವಾಗ ಲೋಕಲ್‌ನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಮಲ್ಲಿಗೆ ಅದರ ಪರಿವೆಯೇ ಇಲ್ಲ. ಒಂದು ಬೆಂಚಿಗೆ ನಾಲ್ಕು ಮಂದಿಯಂತೆ ನಮ್ಮ ಡಬ್ಬಿಯಲ್ಲಿ ಎಷ್ಟು ಜನ, ಇಡೀ ಗಾಡಿಯಲ್ಲಿ ಎಷ್ಟು ಜನ, ನಿಂತವರನ್ನು ಬೇರೆ ಹಿಡಿಯಬೇಕೋ ಬೇಡವೋ ಎಂದು ಅಪ್ಪನ ತಲೆ ತಿನ್ನುತ್ತಿದ್ದಳು. ಈ ಹುಡುಗಿಗೆ ಬಾಯಿ ಮುಚ್ಚಿದರೆ ಹೊಟ್ಟೆ ಉಬ್ಬುತ್ತದೆ.

೧೦ ನವೆಂಬರ್, ಮಂಗಳವಾರ

ಒಪ್ಪಂದವಾಯಿತು. ಸುಮ್ಮನೆ ಆಗಲಿಲ್ಲ, ನಿನ್ನೆ ಒಲೆ ಹಚ್ಚಲಿಲ್ಲ, ಇವರು ಮಿಲ್ಲಿಗೆ ಬರಿ ಚಹಾ ಕುಡಿದು ಹೋದರು. ಟೈಮ್‌ಕೀಪರ್ ಸಾಹೇಬರಿಗೆ ಹಸಿವಾದ ಮೇಲೆ ಬುದ್ಧಿ ಬಂತು.

ದಾದರಿನಲ್ಲಿ ಕನ್ನಡ ವರ್ಗವಿರುವ ಹೆಣ್ಣುಮಕ್ಕಳ ಹೈಸ್ಕೂಲು ಇದೆ. ಏಪ್ರಿಲ್‌ನಲ್ಲಿ ಪ್ರವೇಶ ಪರೀಕ್ಷೆ. ಲೆಕ್ಕದಲ್ಲಿ ಮುಂದಿರುವವರಿಗೆ ನಾದಾರಿ ಕೊಡುತ್ತಾರೆ, ಮ್ಯಾಟ್ರಿಕ್‌ವರೆಗೆ ಫೀ ಇಲ್ಲ.

"ಪಾಸಾಗಿ ನಾದಾರಿ ತಂದಳೋ, ಓದಲಿ. ಅಕ್ಕಗ ನಾ ಹೆಂಗರೆ ಸಮಾಧಾನ ಹೇಳತೀನಿ" ಎಂದರು ಇವರು. "ಇಲ್ಲಾಂದ್ರ ಮೇ ತಿಂಗಳಾಗ ಕಾಂದಿವಲಿ. ಆಮ್ಯಾಲ ನೀ ಒಂದು ಮಾತು ಆಡಬಾರದು."

ಆಡುವುದಿಲ್ಲ ಎಂದೆ. ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಮಲ್ಲಿ ಎಲ್ಲವನ್ನೂ ಕೇಳಿಸಿಕೊಂಡಳು. ಒಳ್ಳೆಯದೇ ಆಯಿತು, ಹುಡುಗಿಗೂ ತನ್ನ ತಲೆಯ ಮೇಲೆ ಏನು ತೂಗುತ್ತಿದೆ ಎಂದು ತಿಳಿದಿರಲಿ.

ಲೆಕ್ಕದಲ್ಲಿ ಅವಳು ತರಗತಿಗೇ ಮೊದಲು ಎಂದು ಚನ್ನಬಸಯ್ಯ ಮಾಸ್ತರರು ಹೇಳುತ್ತಾರೆ. ಮುನಸಿಪಾಲ್ಟಿ ಶಾಲೆಯಲ್ಲಿ ಮೊದಲು ಅಂದರೆ ಹಾಳೂರಿಗೆ ಉಳಿದವನೇ ಗೌಡ. ನಾಳೆಯಿಂದ ನಾನೇ ಕೂಡಿಸಿಕೊಂಡು ಕಲಿಸುತ್ತೇನೆ. ವಿಜಾಪುರ ಕೇಂದ್ರದಲ್ಲಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತ ಹುಡುಗಿಯರಲ್ಲಿ ಲೆಕ್ಕಕ್ಕೆ ನಾನೇ ಮೊದಲು ಬಂದಿದ್ದೆ. ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಅರ್ಜಿ ಹಾಕುವ ಹೊತ್ತಿಗೆ ನಮ್ಮಪ್ಪ ಬಾಸಿಂಗ ಕಟ್ಟಿಸಿದ. ಅಂದಿನಿಂದ ಇಂದಿನವರೆಗೆ ಆ ವಿದ್ಯೆ ರೊಟ್ಟಿ ಎಣಿಸುವುದಕ್ಕಷ್ಟೇ ಬಂದಿದೆ. ಮೊದಲಿನ ಎರಡು ಕೂಸು ಉಳಿಯಲಿಲ್ಲ. ಉಳಿದದ್ದು ಇದೊಂದು. ಇದನ್ನು ಮಾಸ್ತರಣಿ ಮಾಡದೆ ಬಿಟ್ಟರೆ ನಾನು ಅಂಬವ್ವನೇ ಅಲ್ಲ.

೨೪ ನವೆಂಬರ್, ಮಂಗಳವಾರ

ಅಡಿಪಾಯವೇ ಸರಿಯಿಲ್ಲ. ದೊಡ್ಡ ಲೆಕ್ಕ ಮಾಡುತ್ತಾಳೆ, ಕಳೆಯುವುದು ಮಾತ್ರ ಏನೋ ವಿಚಿತ್ರ ರೀತಿ. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆ ಎಂದರೆ, ಮೇಲಿನ ಐದನ್ನು ಗೀಚಿ ಹಾಕಿ ನಾಲ್ಕು ಬರೆಯುತ್ತಾಳೆ. ಹತ್ತನ್ನು ಪಕ್ಕದ ಮನೆಯಿಂದ ಕಡ ತಂದೆ ಎನ್ನುತ್ತಾಳೆ. ಹೊಸ ಟ್ರೇನಿಂಗ್ ಆದ ಮಾಸ್ತರರ ಪದ್ಧತಿಯಂತೆ. ಬರೆದ ಅಂಕಿಯನ್ನು ಗೀಚಿ ಹಾಕುವುದು ಯಾವ ಸೀಮೆಯ ವಿದ್ಯೆ?

ನಮ್ಮ ಮಾಸ್ತರರು ಕಲಿಸಿದ್ದನ್ನೇ ಕಲಿಸಿದೆ. ಎರಡರಲ್ಲಿ ಏಳು ಹೋಗುವುದಿಲ್ಲ. ಹನ್ನೆರಡರಲ್ಲಿ ಏಳು ಹೋದರೆ ಐದು, ಕೈಯಲ್ಲಿ ಒಂದು. ಆ ಒಂದನ್ನು ಕೆಳಗಿನ ಎರಡಕ್ಕೆ ಕೂಡಿಸು, ಮೂರು. ಐದರಲ್ಲಿ ಮೂರು ಹೋದರೆ ಎರಡು. ಇಪ್ಪತ್ತೈದು. ಮೇಲಿನ ಅಂಕಿಗೆ ಕೈ ಹಚ್ಚುವ ಕೆಲಸವೇ ಇಲ್ಲ.

"ಕೆಳಗ ಯಾಕ ಕೂಡಸಬೇಕವ್ವ? ಕಳೀಲಿಕ್ಕೆ ಹೇಳಿದ್ರ ಕೂಡಸೂದು ಯಾಕ?"

"ಹಂಗ ಅದ. ಕೂಡಸು."

"ಯಾಕ ಹಂಗ ಅದ?"

ಯಾಕೆ, ಯಾಕೆ, ಯಾಕೆ! ನಾನೆಂದೂ ನಮ್ಮ ಮಾಸ್ತರರನ್ನು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಕೈ ಊದುತ್ತಿತ್ತು.

೩ ಡಿಸೆಂಬರ್, ಗುರುವಾರ

ಇಂದು ಫೂಟುಪಟ್ಟಿ ತೆಗೆದುಕೊಂಡೆ. ಬೇರೆ ದಾರಿ ಇರಲಿಲ್ಲ.

ಮೊದಲು ಸರಿ ಮಾಡುತ್ತಿದ್ದ ಕಳೆಯುವ ಲೆಕ್ಕವೂ ಈಗ ತಪ್ಪುತ್ತಿದೆ. ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ ಹದಿನೈದಂತೆ! ಎಂಬತ್ತೊಂದರಲ್ಲಿ ಮೂವತ್ತಾರು ಹೋದರೆ ಮೂವತ್ತೈದಂತೆ! ಪ್ರತಿ ಸಲವೂ ಒಂದು ಹತ್ತು ಎಲ್ಲೋ ಕಳೆದುಕೊಂಡು ಬರುತ್ತಾಳೆ. ಹತ್ತು ಎಲ್ಲಿ ಹೋಯಿತು ಎಂದು ಕೇಳಿದರೆ ಅಳುತ್ತಾಳೆ. ಅತ್ತರೆ ಹತ್ತು ಬರುತ್ತದೆಯೇ? ಎಡಗೈಗೆ ಕೊಟ್ಟೆ, ಬಲಗೈ ಬರೆಯಲು ಬೇಕು.

ಗೋಡೆಯಾಚೆಯ ವಸಂತಿ ಬಂದು ಬಾಗಿಲಲ್ಲಿ ನಿಂತಳು. ಅವಳ ಗಂಡ ಲಾಲ್‌ಬಾಗಿನ ಉಡುಪಿ ಹೋಟೆಲಿನಲ್ಲಿ ಅಡುಗೆಯವ. ಅವಳಿಗೆ ಐದು ವರ್ಷದ ಒಂದು ಹೆಣ್ಣು ಕೂಸಿದೆ.

"ಎಂಥದು ಅಕ್ಕಾ, ಮಗುವಿಗೆ ಹಾಗೆ ಹೊಡೆಯುವುದುಂಟಾ?"

"ಛಡಿ ಛಂ ಛಂ, ವಿದ್ಯಾ ಘಂ ಘಂ ಅಂತಾರ ನಮ್ಮ ಕಡೆ" ಎಂದು ನಕ್ಕೆ. ಅವಳು ನಗಲಿಲ್ಲ. ಅಕ್ಷರ ಬಾರದವರಿಗೆ ಇದು ತಿಳಿಯುವುದಾದರೂ ಹೇಗೆ?

೧೯ ಡಿಸೆಂಬರ್, ಶನಿವಾರ

ಚನ್ನಬಸಯ್ಯ ಮಾಸ್ತರರು ಹೇಳಿ ಕಳಿಸಿದ್ದರು. ಶಾಲೆಗೆ ಹೋಗಿ ಅವಮಾನ ಮಾಡಿಸಿಕೊಂಡು ಬಂದೆ.

"ಮನ್ಯಾಗ ನೀವು ಕಲಸ್ತೀರೇನ್ರಿ ತಾಯಿ?" ಎಂದು ಕೇಳಿದರು. ಹೌದು ಎಂದೆ. ಮಲ್ಲಿಯ ಪಾಟಿ ತೆಗೆದು ಐವತ್ತೆರಡು, ಇಪ್ಪತ್ತೇಳು ಬರೆದರು.

"ನೋಡ್ರಿ. ನಾ ಕಲಿಸಿದ್ದು, ಮ್ಯಾಲಿನ ಐದರಾಗ ಒಂದು ಕಡಿಮಿ ಮಾಡೂದು. ನೀವು ಕಲಿಸಿದ್ದು, ಕೆಳಗಿನ ಎರಡಕ್ಕ ಒಂದು ಕೂಡಸೂದು. ಎರಡೂ ಖರೇನ. ಆದ್ರ ಪಾಪ ಹುಡುಗಿ ನಮ್ಮಿಬ್ಬರನೂ ಬಿಡವಲ್ಲಳು. ನನಗಂತ ಮ್ಯಾಲ ಒಂದು ಕಳೀತಾಳ, ನಿಮಗಂತ ಕೆಳಗ ಒಂದು ಕೂಡಸ್ತಾಳ. ನಾಲ್ಕರಾಗ ಮೂರು ಹ್ವಾದ್ರ ಒಂದು. ಹದಿನೈದು. ಕಳದಿದ್ದ ಹತ್ತು ಇಲ್ಲಿ ಐತಿ ನೋಡ್ರಿ."

ಪಾಟಿ ನೋಡಿದೆ. ಅವರು ಹೇಳಿದ್ದು ನಿಜ. ಇಷ್ಟು ದಿನ ನನಗೆ ಹೊಳೆದಿರಲಿಲ್ಲ. ಮುಖ ಬಿಸಿಯಾಯಿತು.

"ಒಂದು ಮಾತು ಕೇಳ್ರಿ ತಾಯಿ. ನೀವು ಕಲಸೂದು ಬಿಟ್ಟುಬಿಡ್ರಿ. ಬಜಾರಕ್ಕ ಕರಕೊಂಡು ಹೋಗ್ರಿ, ಚೌಕಾಬಾರಾ ಆಡ್ರಿ, ಆಕಿ ಕೇಳಿದ್ದಕ್ಕ ಹೂಂಗುಟ್ಟರಿ. ಅಷ್ಟು ಸಾಕು. ಪಾಸ್ ಮಾಡಸೂ ಹೊಣಿ ನಂದು."

ಮುಲ್ಕಿಯಲ್ಲಿ ಮೊದಲು ಬಂದವಳಿಗೆ ಚೌಕಾಬಾರಾ ಆಡು ಎನ್ನುತ್ತಾರೆ! ನನಗಿಂತ ನಾಲ್ಕು ವರ್ಷ ಚಿಕ್ಕವನಿರಬೇಕು ಈ ಮಾಸ್ತರ. ಗಂಡಸಾದ್ದರಿಂದ ಟ್ರೇನಿಂಗ್ ಕಾಲೇಜಿನ ಬಾಗಿಲು ತೆರೆದಿತ್ತು, ಹೋದ. ಆ ಬಾಗಿಲು ನನಗೆ ತೆರೆದಿದ್ದರೆ ಇಂದು ಆ ಖುರ್ಚಿಯಲ್ಲಿ ಯಾರು ಕೂತಿರುತ್ತಿದ್ದರೋ.

ಮನೆಗೆ ಬಂದು ಮಲ್ಲಿಗೆ ಹೇಳಿದೆ: ಶಾಲೆಯಲ್ಲಿ ಮಾಸ್ತರರು ಹೇಳಿದಂತೆ ಬರೆದು ಬಾ, ಆದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಮನಸ್ಸಿನಲ್ಲಿ ಇರಬೇಕಾದದ್ದು ನನ್ನ ರೀತಿ. ಹೂಂ ಎಂದಳು. ವೆರಾಂಡಾದಲ್ಲಿ ಅವಳು ವಸಂತಿಯ ಕೂಸಿಗೆಂದು ಬಳಪದಲ್ಲಿ ಬರೆದಿದ್ದ ಚೌಕಾಬಾರದ ಮನೆಯನ್ನು ನಾನೇ ನೀರು ಹಾಕಿ ಒರೆಸಿದೆ.

೧೪ ಜನವರಿ ೧೯೫೪, ಗುರುವಾರ

ಸಂಕ್ರಮಣ. ಎಳ್ಳು ಕೊಡಲು ಕಾಂದಿವಲಿಗೆ ಹೋಗಲೇಬೇಕಾಯಿತು. ಹೊಸ್ತಿಲು ದಾಟುವಷ್ಟರಲ್ಲಿ ಬಸಲಿಂಗವ್ವ ಮಲ್ಲಿಯ ಕೈಗೆ ಕಸಬರಿಗೆ ಕೊಟ್ಟಳು. "ಸೊಸಿ ಬಂದಳು, ಅಂಗಳ ನಗತೈತಿ" ಎನ್ನುತ್ತಾಳೆ. ಅಂಗಳ ಗುಡಿಸಿದ್ದಾಯಿತು, ಪಾತ್ರೆ ತಿಕ್ಕಿದ್ದಾಯಿತು.

ಸ್ವಲ್ಪ ಹೊತ್ತಿಗೆ ಹುಡುಗಿ ಕಾಣಲಿಲ್ಲ. ಮುಂಭಾಗದಲ್ಲೇ ಬಸಲಿಂಗವ್ವನ ಗಂಡನ ಕಿರಾಣಿ ಅಂಗಡಿ ಇದೆ. ಅಲ್ಲಿ ತಕ್ಕಡಿಯ ಎದುರು ನಿಂತಿದ್ದಳು. ಯಾರೋ ಹೆಂಗಸು ಸವಾ ಸೇರು ಬೆಲ್ಲ ಕೇಳಿದರೆ, ಮಾವ ಬಾಯಿ ತೆರೆಯುವ ಮೊದಲೇ ಸೇರಿನ ಕಲ್ಲು, ಪಾವಸೇರಿನ ಕಲ್ಲು ಎರಡನ್ನೂ ಇಟ್ಟು ಬೆಲ್ಲ ಹಾಕಿದಳು. ಪಾವಸೇರಿನ ಕಲ್ಲು ಸಿಗದಿದ್ದರೆ ಏನು ಮಾಡುತ್ತೀ ಎಂದು ಮಾವ ಕೇಳಿದ. "ಅರ್ಧ ಸೇರು ತೂಗಿ ಎರಡೂ ಕಡೆ ಸಮ ಹಂಚತೀನಿ" ಎಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. "ಆಕಿ ನಕ್ಕಿದ್ದು ನೋಡಿ ಭಾಳ ದಿನ ಆಗಿತ್ತು" ಎಂದರು ಇವರು.

ಪರೀಕ್ಷೆ ಎದುರಿಗಿಟ್ಟುಕೊಂಡು ನಗುವುದು ಎಲ್ಲಿಂದ ಬಂತು? ಬೆಲ್ಲ ತೂಗುವುದಕ್ಕೆ ಹೈಸ್ಕೂಲು ಬೇಕಾಗಿಲ್ಲ. ಒಳಗೆ ಎಳೆದುಕೊಂಡು ಹೋಗಿ, ಚೀಲದಲ್ಲಿ ತಂದಿದ್ದ ಲೆಕ್ಕಗಳನ್ನು ಮುಂದಿಟ್ಟೆ.

"ಹಬ್ಬದ ದಿನಾನೂ ಬಿಡೂದಿಲ್ಲೇನ ಅಂಬವ್ವ?"

"ನಿಮಗ ಇದು ತಿಳಿಯೂದಿಲ್ಲ ಬಿಡ್ರಿ ಅಕ್ಕಾರ."

 ಹುಡುಗಿ ಅಳುತ್ತಾ ಬರೆಯುತ್ತಿರುವಾಗ ಬಸಲಿಂಗವ್ವ ಪಕ್ಕದಲ್ಲಿ ಬಂದು ಕೂತು ಅವಳ ಬೆನ್ನು ಸವರುತ್ತಿದ್ದಳು. ಕೆಲಸದಾಳು ಬೇಕಾಗಿರುವವಳ ಪ್ರೀತಿ. ನನಗೆ ಗೊತ್ತಿಲ್ಲವೇ?

೯ ಫೆಬ್ರವರಿ, ಮಂಗಳವಾರ

ಮೂರು ದಿನದಿಂದ ಹಾಸಿಗೆ ಒದ್ದೆ ಮಾಡುತ್ತಿದ್ದಾಳೆ. ಹತ್ತು ವರ್ಷದ ಹುಡುಗಿ! ನಾವಿರುವ ಚಾಳಿನ ಸಾಲು ನಳದಲ್ಲಿ ನಾನು ಕೌದಿ ಒಗೆಯುವುದನ್ನು ಎಲ್ಲರೂ ನೋಡುತ್ತಾರೆ. ರಾತ್ರಿ ಮಜ್ಜಿಗೆ ನಿಲ್ಲಿಸಿದೆ.

೨೬ ಫೆಬ್ರವರಿ, ಶುಕ್ರವಾರ

ಕಾಲಿನ ಮಗ್ಗಿ ಆಯಿತು. ಅರ್ಧದ್ದು ಆಯಿತು. ಮುಕ್ಕಾಲಿನದು ಹದಿನಾಲ್ಕರವರೆಗೆ.

ಇವರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಬಿಡಲಿ. ನಾನಾಗಿ ಹೋಗಿ ಮಾತಾಡಿಸುವವಳಲ್ಲ.

೨೧ ಮಾರ್ಚ್, ರವಿವಾರ

ಶ್ರಮ ಫಲ ಕೊಡುತ್ತಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಈಗ ಮಲ್ಲಿ ಒಂದು ಲೆಕ್ಕಕ್ಕೂ ಯಾಕೆ ಎಂದು ಕೇಳುವುದಿಲ್ಲ. ಹೇಳಿದ ಕೂಡಲೇ ಮಾಡುತ್ತಾಳೆ. ಹತ್ತು ಕಳೆದುಕೊಳ್ಳುವ ಚಾಳಿ ಪೂರಾ ನಿಂತಿದೆ. ಊಟಕ್ಕೆ ಕೂತಾಗ ಹರಟೆಯಿಲ್ಲ, ಗ್ಯಾಲರಿಯಲ್ಲಿ ನಿಂತು ಮಿಲ್ಲಿನಿಂದ ಬರುವವರನ್ನು ಎಣಿಸುವ ಹುಚ್ಚಿಲ್ಲ. ಶಾಲೆ ಬಿಟ್ಟ ಮೇಲೆ ಚಾಪೆಯ ಮೇಲೆ ಬಂದು ಕೂಡುತ್ತಾಳೆ, ಎದ್ದೇಳು ಎನ್ನುವವರೆಗೆ ಏಳುವುದಿಲ್ಲ. ಮನೆಯಲ್ಲಿ ಮಗು ಇದೆಯೋ ಇಲ್ಲವೋ ಎನ್ನುವಷ್ಟು ಶಿಸ್ತು ಬಂದಿದೆ.

ಬೆಳಿಗ್ಗೆ ನಳದ ಹತ್ತಿರ ವಸಂತಿ ಹೇಳಿದಳು: "ನಿಮ್ಮ ಮಗು ನಿದ್ರೆಯಲ್ಲಿ ಮಗ್ಗಿ ಹೇಳ್ತದೆ ಅಕ್ಕಾ. ಗೋಡೆಯಾಚೆ ನಮಗೆ ಕೇಳ್ತದೆ. ನನ್ನ ಗಂಡ ಹೆದರಿ ಎದ್ದು ಕೂತದ್ದು ಮಾರಾಯ್ರೆ."

ನಿದ್ದೆಯಲ್ಲೂ ತಪ್ಪಿಲ್ಲದೆ ಹೇಳುತ್ತಾಳೆಯೇ ಎಂದು ಕೇಳಿದೆ. ವಸಂತಿ ನನ್ನ ಮುಖ ನೋಡಿ ಕೊಡ ಎತ್ತಿಕೊಂಡು ಹೋದಳು. ಹೊಟ್ಟೆಕಿಚ್ಚು, ಮತ್ತೇನು?

೧೭ ಏಪ್ರಿಲ್, ಶನಿವಾರ

ಪರೀಕ್ಷೆ ಮುಗಿಯಿತು. ಬೆಳಿಗ್ಗೆ ಎರಡು ಸಲ ವಾಂತಿ ಮಾಡಿಕೊಂಡಳು. ನಿಂಬೆಹಣ್ಣು ಮೂಸಿಸಿ ಕರೆದುಕೊಂಡು ಹೋದೆ. ಟ್ರಾಮಿನಲ್ಲಿ ಒಂದೂವರೆ ಮಗ್ಗಿ ಕೇಳಿದೆ, ಒಂದೂ ತಪ್ಪಲಿಲ್ಲ.

ದೊಡ್ಡ ಕಲ್ಲಿನ ಕಟ್ಟಡ. ಒಳಗಿನಿಂದ ಮಾಸ್ತರಣಿ ಬಾಯಿಯೊಬ್ಬರು ಕನ್ನಡಕ ಹಾಕಿಕೊಂಡು, ಕೈಯಲ್ಲಿ ಕಾಗದ ಹಿಡಿದು ನಡೆದು ಬಂದರು. ಹುಡುಗಿಯರೆಲ್ಲ ಎದ್ದು ನಿಂತರು. ಮಲ್ಲಿಗೆ ಅಲ್ಲ ಪರೀಕ್ಷೆ, ನನಗೆ ಎನ್ನಿಸಿತು. ಗೇಟಿನ ಹೊರಗೆ ಬಿಸಿಲಲ್ಲಿ ನಿಂತೇ ಇದ್ದೆ.

ಹೊರಗೆ ಬಂದವಳನ್ನು ಅಲ್ಲೇ ಮರದ ಕೆಳಗೆ ನಿಲ್ಲಿಸಿ ಪ್ರಶ್ನೆಪತ್ರಿಕೆ ಹಿಡಿದು ಒಂದೊಂದೇ ಕೇಳಿದೆ. ಹತ್ತು ಲೆಕ್ಕಕ್ಕೂ ಬಾಯಲ್ಲೇ ಉತ್ತರ ಹೇಳಿದಳು. ಹತ್ತೂ ಸರಿ! ಐಸ್‌ಫ್ರೂಟ್ ಕೊಡಿಸಿದೆ. ಅರ್ಧ ತಿಂದು ನನಗೇ ಕೊಟ್ಟಳು.

ನಾದಾರಿ ಬಂದ ಹಾಗೆಯೇ. ಬಸಲಿಂಗವ್ವ ಆರತಿ ತಟ್ಟೆಯಲ್ಲಿ ಸೀರೆ ಇಟ್ಟುಕೊಂಡು ಸುಮ್ಮನಿರಲಿ.

೨೯ ಏಪ್ರಿಲ್, ಗುರುವಾರ

ನಪಾಸು.

ಹೈಸ್ಕೂಲಿನ ಫಲಕದಲ್ಲಿ ಹೆಸರಿಲ್ಲ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ಇಲ್ಲ.

ಬರೆಯಲು ಆಗುತ್ತಿಲ್ಲ.

೩೦ ಏಪ್ರಿಲ್, ಶುಕ್ರವಾರ

ಚನ್ನಬಸಯ್ಯ ಮಾಸ್ತರರು ತಾವಾಗಿಯೇ ಮನೆಗೆ ಬಂದರು. ಇವರೂ ಇದ್ದರು. ಮಲ್ಲಿ ವಸಂತಿಯ ಮನೆಯಲ್ಲಿದ್ದಳು. ಮಾಸ್ತರರು ಹೈಸ್ಕೂಲಿಗೆ ಹೋಗಿ, ಮುಖ್ಯ ಮಾಸ್ತರಣಿ ದೊಡ್ಡ ಬಾಯಿಯವರನ್ನು ಕಂಡು, ಮಲ್ಲಿಯ ಪತ್ರಿಕೆ ತೆಗೆಸಿ ನೋಡಿದ್ದರು. ಚಹಾ ಕೊಟ್ಟರೆ ಮುಟ್ಟಲಿಲ್ಲ.

"ಹತ್ತೂ ತಪ್ಪಾಗ್ಯಾವ್ರಿ. ಸೊನ್ನಿ ಬಂದೈತಿ."

"ಅದ್ಹೆಂಗ ಆಗತೈತ್ರಿ? ನನ್ನ ಮುಂದ ಹತ್ತೂ ಸರಿ ಹೇಳ್ಯಾಳ!"

"ಅದನ್ನ ಹೇಳಾಕ ಬಂದೀನ್ರಿ. ಲೆಕ್ಕಾ ಎಲ್ಲಾ ಸರಿ ಮಾಡ್ಯಾಳ. ಒಂದು ಮೆಟ್ಟಲೂ ತಪ್ಪಿಲ್ಲ. ಕಡೀಕ ಉತ್ತರ ಬರಿಯೂವಾಗ ಒಂದು ಹೆಚ್ಚು ಬರದಾಳ. ಇಪ್ಪತ್ತೈದು ಬರಬೇಕಾದ್ದಲ್ಲಿ ಇಪ್ಪತ್ತಾರು. ನೂರಾನಲವತ್ತು ಬರಬೇಕಾದ್ದಲ್ಲಿ ನೂರಾನಲವತ್ತೊಂದು. ಹತ್ತಕ್ಕ ಹತ್ತೂ ಹಂಗ. ಇಂಥಾ ತಪ್ಪು ಮಾಡಬೇಕಂದ್ರ ಎಲ್ಲಾ ಲೆಕ್ಕಾ ಬರಬೇಕ್ರಿ ತಾಯಿ."

ಇವರು ತಲೆ ತಗ್ಗಿಸಿ ಕೂತರು. ಯಾರಾದರೂ ತಿದ್ದಿರಬಹುದು ಎಂದೆ. ಮಾಸ್ತರರು ಇಲ್ಲ ಎಂದು ತಲೆಯಾಡಿಸಿದರು. ಅಕ್ಷರ ಅವಳದೇ.

ದೊಡ್ಡ ಬಾಯಿಯವರಿಗೂ ಇದು ಸೋಜಿಗವಾಯಿತಂತೆ. ಮಾಸ್ತರರು ಕೈಮುಗಿದು ಕೇಳಿದ್ದಕ್ಕೆ, ಸೋಮವಾರ ಹುಡುಗಿಯೊಬ್ಬಳನ್ನೇ ಕೂಡಿಸಿ ಇನ್ನೊಮ್ಮೆ ಪರೀಕ್ಷೆ ತೆಗೆದುಕೊಳ್ಳಲು ಒಪ್ಪಿದ್ದಾರೆ. ಸರಿಯಾಗಿ ಬರೆದರೆ ನಾದಾರಿಯೂ ಉಂಟು.

ಹೊರಡುವಾಗ ಮೆಟ್ಟಿಲ ಹತ್ತಿರ ಮಾಸ್ತರರು ಇವರಿಗೆ ಏನೋ ಮೆಲ್ಲಗೆ ಹೇಳಿದರು. ನನ್ನ ವಿಷಯವೇ ಇರಬೇಕು.

೧ ಮೇ, ಶನಿವಾರ

ಹೊಡೆಯಲಿಲ್ಲ. ಅದನ್ನು ಇಲ್ಲಿ ಬರೆದಿಡುತ್ತೇನೆ. ಹೊಡೆಯಲಿಲ್ಲ, ಬೈಯಲಿಲ್ಲ. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ಹತ್ತಿರ ಕೂಡಿಸಿಕೊಂಡು ಹೆರಳು ಹಾಕುತ್ತಾ ಕೇಳಿದೆ.

"ಬೇಕಂತ ಮಾಡಿದಿ?"

"ಹೂಂ."

"ಯಾಕ ಮಲ್ಲಿ?"

 "ನಪಾಸಾದ್ರ ಅತ್ತಿ ಮನೀಗೆ ಕಳಸ್ತೀನಿ ಅಂತ ಅಪ್ಪ ಹೇಳಿದ್ದ" ಎಂದಳು.

 ಕಸಬರಿಗೆ ಹಿಡಿಸುವ, ಪಾತ್ರೆ ತಿಕ್ಕಿಸುವ ಆ ಮನೆಗೆ ಹೋಗಲು ನನ್ನ ಮಗಳು ಹತ್ತು ಲೆಕ್ಕ ಕೆಡಿಸಿದಳೇ? ಈರಣ್ಣನಂಥ ದಡ್ಡನಿಗೆ ರೊಟ್ಟಿ ಬಡಿಯಲು? ಅಲ್ಲಿ ಶಾಲೆಯಿಲ್ಲ, ಓದಿಲ್ಲ, ಮುಂದೇನೂ ಇಲ್ಲ ಎಂದು ಹೇಳಿದೆ. "ನಂಗ ಗೊತ್ತದ ಅವ್ವ" ಎಂದಳು. ನೀನು ಮಾಸ್ತರಣಿ ಆಗಬೇಡವೇ ಎಂದೆ. ಹೆರಳಿನ ಟೇಪನ್ನು ಬೆರಳಿಗೆ ಸುತ್ತತೊಡಗಿದಳು.

ಸೋಮವಾರದ ಪರೀಕ್ಷೆಯ ವಿಷಯ ಹೇಳಿದೆ. ಆದದ್ದೆಲ್ಲ ಆಯಿತು, ಮರೆತುಬಿಡೋಣ, ಹೋಗಿ ಸರಿಯಾಗಿ ಬರೆದು ಬಾ ಎಂದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ಮೆತ್ತಗಿತ್ತು. ಹುಡುಗಿ ತಿರುಗಿ ನೋಡಿದಳು. ಎಷ್ಟೋ ದಿನದ ಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಪಾಸಾದ್ರ ಹೈಸ್ಕೂಲಿನ ಲೆಕ್ಕಾ ಯಾರು ಕಲಸ್ತಾರ?"

"ಅಲ್ಲಿ ದೊಡ್ಡ ದೊಡ್ಡ ಬಾಯಿಗಳು ಅದಾರ."

"ಮನ್ಯಾಗ?"

"ಮನ್ಯಾಗ ನಾ ಇಲ್ಲೇನು? ಐದನೇದು, ಆರನೇದು, ಮ್ಯಾಟ್ರಿಕ್‌ತನಕಾ ನಾನ ಕಲಸ್ತೀನಿ. ನಿನ್ನ ಕೈ ನಾ ಬಿಡೂದಿಲ್ಲ."

ಪ್ರೀತಿಯಿಂದಲೇ ಹೇಳಿದೆ. ದೇವರಾಣೆ, ಪ್ರೀತಿಯಿಂದಲೇ.

"ಹಂಗಾರ ಸೋಮವಾರನೂ ಹಂಗ ಬರೀತೀನವ್ವ" ಎಂದಳು. ಸಿಟ್ಟಿಲ್ಲ, ಅಳುವಿಲ್ಲ. ನಳಕ್ಕೆ ನೀರು ಎಷ್ಟು ಗಂಟೆಗೆ ಬರುತ್ತದೆ ಎಂದು ಹೇಳುವ ಹಾಗೆ ಹೇಳಿದಳು.

ಮಂಚದ ಮೇಲೆ ಕೂತಿದ್ದ ಇವರು, ಇಷ್ಟು ದಿನದ ಮೇಲೆ, ಬಾಯಿ ತೆರೆದರು. "ಇನ್ನ ಮ್ಯಾಲ ಕಲಸೂದಿಲ್ಲ ಅಂತ ಹೇಳಿಬಿಡು. ಒಂದು ಮಾತು. ಅಷ್ಟ ಸಾಕು."

ಹೇಳಬೇಕೆಂದು ಬಾಯಿ ತೆರೆದೆ. ಬರಲಿಲ್ಲ. ಈ ಮನೆಯಲ್ಲಿ ರೊಟ್ಟಿ ಬಡಿಯುವುದು, ನೀರು ತರುವುದು ಬಿಟ್ಟರೆ ನನ್ನದು ಅಂತ ಇರುವುದು ಅದೊಂದೇ. ಅದನ್ನೂ ಕೊಡು ಎನ್ನುತ್ತಾರೆ ಇಬ್ಬರೂ. ಹೆತ್ತವಳು ನಾನು. ನನಗೆ ಷರತ್ತು ಹಾಕುವ ಹುಡುಗಿಯ ಮುಂದೆ ನಾನು ಬಗ್ಗಬೇಕೆ?

ಇವರು ಸಂಜೆಯವರೆಗೆ ಕಾದರು. ಆಮೇಲೆ ಮಲ್ಲಿಯ ಲಂಗಗಳನ್ನು ತಾವೇ ಮಡಿಚಲು ಕೂತರು.

೩ ಮೇ, ಸೋಮವಾರ

ಕಾಂದಿವಲಿಗೆ ಬಿಟ್ಟು ಬಂದೆವು. ದಾದರ್ ದಾಟುವಾಗ ನಾನು ಕಣ್ಣು ಮುಚ್ಚಿಕೊಂಡೆ. ಮಲ್ಲಿ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಗಾಡಿ ಎಷ್ಟು ಅಲುಗಾಡಿದರೂ ಏಳದಂಥ ನಿದ್ದೆ.

ಬಸಲಿಂಗವ್ವ ಬಾಗಿಲಲ್ಲಿ ನಿವಾಳಿಸಿ ಒಳಗೆ ಕರೆದುಕೊಂಡಳು. ಆ ಗೆದ್ದ ಮುಖ ನೋಡಲಾರದೆ ನೀರು ಕೂಡ ಕುಡಿಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾಸ್ತರ ಸರಿಯಾಗಿ ಕಲಿಸಿದ್ದರೆ, ಈ ಮನುಷ್ಯ ಅಕ್ಕನ ಮುಂದೆ ಹೂಂ ಅನ್ನದಿದ್ದರೆ, ವಸಂತಿ ಹುಡುಗಿಯ ಮುಂದೆ ಅಯ್ಯೋ ಪಾಪ ಎನ್ನದಿದ್ದರೆ ಹೀಗಾಗುತ್ತಿತ್ತೆ?

೧೨ ಜೂನ್, ಶನಿವಾರ

ಮಳೆ ಹಿಡಿದಿದೆ. ಶಾಲೆಗಳು ಸುರುವಾದವು. ವಸಂತಿಯ ಕೂಸನ್ನು ಬಾಲವರ್ಗಕ್ಕೆ ಹಾಕಿದ್ದಾರೆ. ಸಂಜೆ ಗ್ಯಾಲರಿಯಲ್ಲಿ ಅದನ್ನು ಕರೆದು, ಹತ್ತರವರೆಗೆ ಎಣಿಸು ನೋಡೋಣ ಎಂದೆ. ಕೂಸು ಬಾಯಿ ತೆರೆಯುವ ಮೊದಲೇ ವಸಂತಿ ಓಡಿ ಬಂದು ಎತ್ತಿಕೊಂಡಳು. "ಅವಳು ಸಣ್ಣವಳು ಅಕ್ಕಾ, ಈಗಲೇ ಬೇಡ" ಎಂದು ಬಾಗಿಲು ಹಾಕಿಕೊಂಡಳು. ಪುಕ್ಕಟೆ ಕಲಿಸುತ್ತೇನೆ ಎಂದರೂ ಬೇಡದ ಜನ.

ಇವರು ಮಿಲ್ಲಿನಿಂದ ನೇರ ಕಾಂದಿವಲಿಗೆ ಹೋಗಿ ಈಗ ಬಂದರು. ಮಲ್ಲಿ ಮೈ ತುಂಬಿಕೊಂಡಿದ್ದಾಳಂತೆ. ಮುಂಜಾನೆ ಮನೆಗೆಲಸ, ಮಧ್ಯಾಹ್ನ ಅಂಗಡಿಯಲ್ಲಿ ಮಾವನಿಗೆ ನೆರವು, ದಿನವೆಲ್ಲ ಮಾತೇ ಮಾತಂತೆ. ನನ್ನನ್ನು ಕೇಳಿದಳೇ ಎಂದೆ.

ಇವರು ಒದ್ದೆ ಛತ್ರಿ ಮೂಲೆಗಿಟ್ಟರು. "ಕೇಳಿದಳು. ಅವ್ವ ಯಾವಾಗ ಬರ್ತಾಳ ಅಂತ ಕೇಳಿದಳು. ಬರೂ ದಿನಾ ಮೊದಲ ಹೇಳಿ ಕಳಸು ಅಪ್ಪ, ಮರೀಬ್ಯಾಡ ಅಂತ ಎರಡೆರಡು ಸಲ ಹೇಳ್ಯಾಳ."

ಕಣ್ಣಲ್ಲಿ ನೀರು ಬಂತು. ಎಷ್ಟೆಂದರೂ ಕರುಳಬಳ್ಳಿಯಲ್ಲವೇ, ದಾರಿ ಕಾಯುತ್ತಿದ್ದಾಳೆ. ನಾಳೆಯೇ ಹೋಗೋಣ ಎಂದೆ. ನಾಳೆ ಬೇಡ, ಮೊದಲು ಹೇಳಿ ಕಳಿಸುತ್ತೇನೆ ಎಂದರು ಇವರು. ಮುಖ ಯಾಕೋ ಬಿಳಿಚಿಕೊಂಡಿತ್ತು.

ಹೇಳಿ ಕಳಿಸುವುದು ಬೇಡವೇ ಬೇಡ ಎಂದೆ. ತಿಳಿಸಿ ಹೋದರೆ ಹುಡುಗಿ ಮಗ್ಗಿ ತಿರುವಿ ಹಾಕಿಕೊಂಡು ಜಾಣಳಾಗಿ ಕೂತಿರುತ್ತಾಳೆ. ತಿಳಿಸದೆ ಹೋಗಿ ನಿಂತು ಕೇಳಿದರೆ, ಈ ಒಂದು ತಿಂಗಳಲ್ಲಿ ಎಷ್ಟು ಮರೆತಿದ್ದಾಳೆ ಎಂಬುದು ತಿಳಿಯುತ್ತದೆ.